ಕಡ್ಡಿಯ ತಲೆ ಯಾವುದು, ಕಾಲು ಯಾವುದು

ದೀಪಾವಳಿ ಮುಗಿದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಹೂಗಿಡಗಳನ್ನು ಸವರಿ, ಕಡ್ಡಿಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಬಂದವರಿಗೆಲ್ಲ ಹಂಚುವುದು ಹಳಿಯಾಳದ ನಮ್ಮ ಮನೆಯಲ್ಲಿ ನಾನು ಇಟ್ಟುಕೊಂಡಿರುವ ಪದ್ಧತಿ. ಒಯ್ದವರು ಮನೆ ಮುಟ್ಟಿದ ಕೂಡಲೇ ಕಡ್ಡಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ.

"ಸಿಸ್ಟರ್, ಇದರಾಗ ಮ್ಯಾಲಿನ ಕಡೆ ಯಾವುದು, ತಳಗಿನ ಕಡೆ ಯಾವುದು?"

ನಾನು ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಲೇ ತಲೆ ನರೆಸಿಕೊಂಡವಳು. "ಫೋಟೋದಾಗ ತಿಳಿಯೂದಿಲ್ಲ, ಕೈಯಾಡಿಸಿ ನೋಡ್ರಿ" ಎಂದು ಬರೆಯುತ್ತೇನೆ. ಹಾಗೆ ಬರೆದರೆ ಕೆಲವರು ನನಗೆ ಸೊಕ್ಕು ಎಂದುಕೊಳ್ಳುತ್ತಾರೆ. ಸೊಕ್ಕಲ್ಲ. ಇದೇ ಒಂದು ಪ್ರಶ್ನೆಯಿಂದ ನಮ್ಮ ಮನೆಯ ಮರ್ಯಾದೆ ಒಮ್ಮೆ ಇಡೀ ಓಣಿಯ ಮುಂದೆ ಹರಾಜಾಗುವುದರಲ್ಲಿತ್ತು. ಕಾರಣ ನಮ್ಮಪ್ಪ ಮತ್ತು ಅವನ ಅಚ್ಚುಕಟ್ಟುತನ.

ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕಟ್ಟಿಗೆ ಯಾರ್ಡಿನ ಕೆಲಸಕ್ಕಿದ್ದ. ಲಾರಿಯಿಂದ ಇಳಿದ ಬಿದಿರು, ನೀಲಗಿರಿಗಳನ್ನು ಒಂದೇ ಅಳತೆಗೆ ಕೊಯ್ಯುವುದು, ಎರಡೂ ತುದಿ ಸಪಾಟು ಮಾಡುವುದು, ದಪ್ಪದ್ದನ್ನು ದಪ್ಪದ ಜೊತೆ, ತೆಳ್ಳಗಿನದನ್ನು ತೆಳ್ಳಗಿನದರ ಜೊತೆ ಒಟ್ಟುವುದು, ಇಷ್ಟೇ ಅವನ ಉದ್ಯೋಗ. ಪಾಳಿ ಮುಗಿದ ಭೋಂಗಾ ಕೂಗಿತೆಂದರೆ ಉಳಿದವರು ಕೆಲಸವನ್ನು ಮಿಲ್ಲಿನ ಗೇಟಿನಲ್ಲೇ ಬಿಟ್ಟು ಬರುತ್ತಿದ್ದರು. ಅಪ್ಪ ಮನೆಗೆ ಹೊತ್ತು ತರುತ್ತಿದ್ದ. ಸಂತೆಯ ನುಗ್ಗೆಕಾಯಿಯನ್ನು ಬೆರಳಿಟ್ಟು ಅಳೆದು ಕತ್ತರಿಸಿ ತಾಟಿನಲ್ಲಿ ಒಟ್ಟುತ್ತಿದ್ದ. ಬಚ್ಚಲ ಹಂಡೆಯ ಪಕ್ಕದ ಕಟ್ಟಿಗೆ ರಾಶಿಯಿಂದ ಅವ್ವ ನಡುವಿನ ಒಂದು ತುಂಡನ್ನು ಎಳೆದು ಒಲೆಗೆ ಹಾಕಿದರೆ ಅವನ ಮುಖ ಬಾಡುತ್ತಿತ್ತು. ಅವ್ವ ಬೇಕೆಂದೇ ನಡುವಿನದನ್ನು ಎಳೆಯುತ್ತಿದ್ದಳು ಎಂದು ನನಗೆ ಈಗ ಅನಿಸುತ್ತದೆ. ಅವಳಿಗೆ ಬೇರೆ ಮನರಂಜನೆ ಇರಲಿಲ್ಲ.

ನಮ್ಮದು ಮಿಲ್ಲಿನವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆ: ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮುಂದೆ ನಾಲ್ಕು ಹೆಜ್ಜೆ ಅಂಗಳ. ಲೈನಿನಲ್ಲಿ ನಮ್ಮದೊಂದೇ ಸಿದ್ದಿ ಮನೆ. ಹಳಿಯಾಳ ತಾಲೂಕಿನ ಹಾಡಿಯಿಂದ ಸಾಮಾನು ಕಟ್ಟಿಕೊಂಡು ಬಂದಾಗ ಅಪ್ಪ ಟ್ರಂಕು ಹೊತ್ತಿದ್ದ, ಅವ್ವ ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳ ಕಟ್ಟನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ನಿಜವಾದ ಕೂಸಾದ ನಾನು ಬಸ್ಸಿನಲ್ಲಿ ನಿಂತೇ ಬಂದೆ. ಎರಡು ವರ್ಷದಲ್ಲಿ ಅಂಗಳ ತುಂಬಿತು. ಡಾಲ್ಡಾ ಡಬ್ಬಿಗಳಲ್ಲಿ ತಿಳಿಗೆಂಪು ಹಳ್ಳಿಗುಲಾಬಿ, ಒಡೆದ ಬಕೆಟ್ಟಿನಲ್ಲಿ ಮುದ್ದೆ ದಾಸವಾಳ, ಬೇಲಿಗೆ ನಂದಿಬಟ್ಟಲು, ಬಾಗಿಲ ಮೇಲೆ ಕಾಗದದ ಹೂವು. ಲೈನಿನ ಹೆಂಗಸರು ದಿನಾ ಬೆಳಿಗ್ಗೆ ಬೇಲಿಯ ಹೊರಗಿನಿಂದಲೇ ಕೈಚಾಚಿ ದೇವರಿಗೆ ಹೂ ಕೊಯ್ದುಕೊಳ್ಳುತ್ತಿದ್ದರು. ಅವ್ವನಿಗೆ ಅದರಿಂದ ಹಿಗ್ಗೋ ಹಿಗ್ಗು.

ಅವಳಿಗಿದ್ದ ಕೊರಗು ಒಂದೇ. ಹೂ ಕೊಯ್ಯುವವರು ಯಾರೂ ಒಳಗೆ ಬಂದು ಕೂರುತ್ತಿರಲಿಲ್ಲ. ನಾತಾಳಕ್ಕೆ, ಅಂದರೆ ನಮ್ಮ ಕ್ರಿಸ್‌ಮಸ್ಸಿಗೆ, ಅವ್ವ ಕೊಬ್ಬರಿ ಬೆಲ್ಲ ತುಂಬಿ ನೆವರಿ ಕರಿಯುತ್ತಿದ್ದಳು. ಲೈನಿನವರು ಕರ್ಚಿಕಾಯಿ ಅನ್ನುತ್ತಾರಲ್ಲ, ಅದೇ. ತಾಟುಗಳ ಮೇಲೆ ಕ್ರೋಶಾದ ಬಟ್ಟೆ ಮುಚ್ಚಿ ಮನೆಮನೆಗೆ ಹಂಚುವ ಕೆಲಸ ನನ್ನದು. ತಾಟುಗಳು ತೊಳೆದುಕೊಂಡು, ಮೇಲೊಂದು ಬಾಳೆಹಣ್ಣೋ ಹಿಡಿ ಸಕ್ಕರೆಯೋ ಇಟ್ಟುಕೊಂಡು ಮರ್ಯಾದೆಯಿಂದ ಹಿಂದಿರುಗುತ್ತಿದ್ದವು. ಆದರೆ ಮೊದಲನೇ ವರ್ಷವೇ ನಾನು ಒಂದು ನೋಟ ನೋಡಿಬಿಟ್ಟೆ. ಎದುರು ಮನೆಯ ಗಂಗಕ್ಕ, ಲೈನಿನ ಹೆಂಗಸರಿಗೆಲ್ಲ ಹಿರಿಯಳು, ಹಿತ್ತಿಲಲ್ಲಿ ತನ್ನ ಆಕಳು ಗೌರಿಯ ಬಾಯಿಗೆ ನಮ್ಮ ನೆವರಿಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಎರಡನೇ ವರ್ಷವೂ ಅಷ್ಟೇ. ನಮ್ಮ ಜಾತಿ, ನಮ್ಮ ಗುಂಗುರು ಕೂದಲು, ನಮ್ಮ ದೇವರು, ಈ ಮೂರರಲ್ಲಿ ಯಾವುದು ಗಂಗಕ್ಕನ ಗಂಟಲಿಗೆ ಅಡ್ಡವಾಗಿತ್ತೋ ತಿಳಿಯದು. ಗೌರಿಗೆ ಮಾತ್ರ ಯಾವುದೂ ಅಡ್ಡವಾಗಲಿಲ್ಲ. ಇದನ್ನು ನಾನು ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಅವಳು ಅಳುತ್ತಾಳೆಂಬ ಹೆದರಿಕೆ ಇತ್ತು. ಜೊತೆಗೆ, ಅಳುವಿನ ನಡುವೆ ನೆವರಿ ಮಾಡುವುದನ್ನೇ ನಿಲ್ಲಿಸಿಬಿಟ್ಟಾಳೆಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಮೂರನೇ ವರ್ಷದ ದೀಪಾವಳಿಗೆ ಗಂಗಕ್ಕ ಬೇಲಿಯಾಚೆಯಿಂದ ಕೇಳಿದಳು.

"ಈ ಗುಲಾಬಿದೊಂದು ಕಡ್ಡಿ ಕೊಡ್ತಿ ಏನವಾ?"

ಅವ್ವ ಅದಕ್ಕೇ ಕಾದಿದ್ದವಳ ಹಾಗೆ ಹೇಳಿದಳು:

"ಒಂದ್ಯಾಕ್ರಿ ಗಂಗಕ್ಕಾರ, ಬರೂ ಐತವಾರ ಗಿಡ ಸವರಾಕಿ ಅದೀನಿ. ಲೈನಿನವರೆಲ್ಲಾ ಬರ್ರಿ. ಎಲ್ಲಾರಿಗೂ ಕೊಡ್ತೇನಿ."

ಆ ವಾರವಿಡೀ ಅವ್ವನ ಕಾಲು ನೆಲದ ಮೇಲಿರಲಿಲ್ಲ. ಅವಳ ಲೆಕ್ಕ ಸರಳ: ಚಳಿ ಹಿಡಿಯುವ ಮೊದಲು ಸವರಿದರೆ ನಮ್ಮ ಗುಲಾಬಿ ನಾತಾಳಕ್ಕೆ ಹೂ ಬಿಡುತ್ತದೆ, ಕೊಟ್ಟ ಕಡ್ಡಿಗಳೂ ಅಷ್ಟರಲ್ಲಿ ಚಿಗುರುತ್ತವೆ, ಕಡ್ಡಿ ಚಿಗುರಿದ ಮನೆಯವರು ಕಡ್ಡಿ ಕೊಟ್ಟವಳ ಮನೆಗೆ ಹಬ್ಬಕ್ಕೆ ಬರದೆ ಇರುತ್ತಾರೆಯೇ? ಕೈಗುಣ ಒಳ್ಳೆಯದೆಂದು ಒಮ್ಮೆ ಹೆಸರಾದರೆ ಸಾಕು. ಅವಳು ಆರು ಸ್ಟೀಲಿನ ತಾಟುಗಳನ್ನು ಹುಣಸೆಹಣ್ಣು ಹಚ್ಚಿ ಆಗಲೇ ತಿಕ್ಕಿಟ್ಟಳು. ನಾತಾಳಕ್ಕೆ ಇನ್ನೂ ಏಳು ವಾರವಿತ್ತು.

ಐತವಾರ ಬೆಳಿಗ್ಗೆ ಅವ್ವ ಮತ್ತು ನಾನು ಚರ್ಚಿಗೆ, ನಮ್ಮ ಮಾತಿನಲ್ಲಿ ಇಗರ್ಜಿಗೆ, ಹೋದೆವು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಪ್ಪ ಮಲಗಿರುತ್ತೇನೆ ಅಂದಿದ್ದ. ಪಾಪ, ಹೆಂಡತಿಗೆ ನೆರವಾಗಲೆಂದು ಅವನು ಮಲಗಲಿಲ್ಲ. ನಾವು ಹಿಂದಿರುಗಿದಾಗ ಅಂಗಳದ ಗಿಡಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ಎತ್ತರಕ್ಕೆ ನಿಂತಿದ್ದವು. ಕಟ್ಟೆಯ ಮೇಲೆ ಕಡ್ಡಿಗಳ ರಾಶಿ. ಎಲ್ಲವೂ ಒಂದೇ ಗೇಣುದ್ದ. ಎಲೆಯೊಂದೂ ಇಲ್ಲ. ಗುಲಾಬಿಯ ಮುಳ್ಳುಗಳನ್ನೂ ಕೆರೆದು ತೆಗೆದಿದ್ದ. ಎರಡೂ ತುದಿ ಗರಗಸದಿಂದ ಕೊಯ್ದು ಸಪಾಟು. ದಪ್ಪದವು ಕೆಳಗೆ, ತೆಳ್ಳಗಿನವು ಮೇಲೆ. ಅಪ್ಪ ಪಕ್ಕದಲ್ಲಿ ನಿಂತು, ಸಾಹೇಬರು ರಾಶಿ ನೋಡಲು ಬಂದಾಗ ನಿಲ್ಲುವ ಹಾಗೆ, ಕೈಕಟ್ಟಿ ನಗುತ್ತಿದ್ದ.

"ಏನ್ ಮಾಡೀರಿ ಇದು?" ಅವ್ವನ ದನಿ ಕ್ಷೀಣವಾಗಿತ್ತು. "ಬುಡದ ಕಡೆ ಓರೆ ಕೊಯ್ಬೇಕಲ್ಲ. ಓರೆ ಎಲ್ಲಿ?"

"ಓರೆ ಯಾಕ? ಎರಡೂ ಕಡೆ ಸಾಪ್ ಮಾಡೀನಿ. ಮುಳ್ಳು ಸುದ್ದಾ ಇಲ್ಲ. ಹೆಣ್ಮಕ್ಕಳ ಕೈಗೆ ಚುಚ್ಚಬಾರದಲ್ಲ?"

ಮಣ್ಣಿಗೆ ಹೋಗುವ ತುದಿಯನ್ನು ಓರೆಯಾಗಿ, ಮೇಲಿನ ತುದಿಯನ್ನು ನೇರವಾಗಿ ಕೊಯ್ಯುವುದು ಅವ್ವನ ಕ್ರಮ. ಕಡ್ಡಿಯ ಸಿಪ್ಪೆ ನೋಡಿ ಇದು ದಾಸವಾಳ, ಇದು ನಂದಿಬಟ್ಟಲು ಎಂದು ಅವಳು ಹೇಳಬಲ್ಲಳು. ಆದರೆ ತಲೆ ಯಾವುದು, ಕಾಲು ಯಾವುದು ಎಂಬ ಗುರುತೆಲ್ಲ ಅವಳ ಕತ್ತಿಯಲ್ಲಿತ್ತು, ಕಣ್ಣಿನಲ್ಲಿ ಇರಲಿಲ್ಲ. ಅವಳು ಅಪ್ಪನನ್ನು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಹಿತ್ತಾಳೆಯ ತಟ್ಟೆ ಹಿಡಿದ ಗಂಗಕ್ಕ, ಅವಳ ಹಿಂದೆ ಮೂಲೆಮನೆಯ ಮೆಹಬೂಬಿ, ಅವರ ಹಿಂದೆ ಇಡೀ ಲೈನು. ಮೂರು ವರ್ಷದಲ್ಲಿ ಮೊದಲ ಸಲ ಅಷ್ಟು ಜೋಡಿ ಕಾಲುಗಳು ನಮ್ಮ ಅಂಗಳಕ್ಕೆ ಬಂದಿದ್ದವು. ಅವ್ವ ತೆರೆದ ಬಾಯನ್ನು ನಗುವಾಗಿ ತಿರುಗಿಸಿದಳು. ಒಂದೊಂದೇ ಕಡ್ಡಿ ಎತ್ತಿ, ಕ್ಷಣ ಹೊತ್ತು ದಿಟ್ಟಿಸಿ, "ಈ ಕಡೆ ಮಣ್ಣಿಗೆ ಇಡ್ರಿ" ಎಂದು ಬಲು ಠೀವಿಯಿಂದ ಹೇಳುತ್ತ ಹಂಚಿದಳು. ಎಲ್ಲವೂ ಬರೀ ಅಂದಾಜು. ಇಗರ್ಜಿಯಿಂದ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ನನ್ನ ಅವ್ವ ಹನ್ನೊಂದು ಮನೆಗಳಿಗೆ ಸುಳ್ಳು ಹೇಳಿದಳು.

ಸತ್ಯ ಹೊರಬಿದ್ದದ್ದು ಮರುದಿನ ಸಂಜೆ, ಅಜ್ಜಿ ಬಸ್ಸಿನಿಂದ ಇಳಿದ ಮೇಲೆ. ಅಜ್ಜಿ ಎಂದರೆ ಅವ್ವನ ಅವ್ವ. ಹಾಡಿಯಲ್ಲಿ ಸೂಲಗಿತ್ತಿಯಾಗಿದ್ದವಳು. ಕಣ್ಣಿಗೆ ಪೊರೆ ಬಂದ ಮೇಲೆ ನಮ್ಮ ಜೊತೆ ಇದ್ದಳು, ಸುಗ್ಗಿಗೆಂದು ಊರಿಗೆ ಹೋಗಿದ್ದಳು. ಅತ್ತೆಯಾದವಳು ಅಳಿಯನ ಜೊತೆ ನೇರ ಮಾತಾಡಬಾರದೆಂಬುದು ಅವಳ ನೇಮ. ಅಪ್ಪನೂ ಅದನ್ನು ಸಂತೋಷದಿಂದ ಪಾಲಿಸುತ್ತಿದ್ದ. ಮೂರು ಮಾರು ಅಂತರದಲ್ಲಿ ಕೂತ ಇಬ್ಬರ ನಡುವೆ ಮಾತು ಹೊರುವವಳು ನಾನು. "ಲೂಸಿ, ನಿಮ್ಮಪ್ಪಗ ಹೇಳು, ಚಾ ಆರತೈತಿ." "ಲೂಸಿ, ನಿಮ್ಮಜ್ಜಿಗ ಹೇಳು, ಕೇಳಿಸ್ತು ಅಂತ." ಅಂಥ ಅಜ್ಜಿ ಆ ಸಂಜೆ ಅಂಗಳದಲ್ಲಿ ಕೂತು, ನಮ್ಮ ಪಾಲಿಗೆ ಉಳಿದು ಡಬ್ಬಿಯಲ್ಲಿ ಊರಿದ್ದ ಕಡ್ಡಿಯ ಮೇಲೆ ಬೆರಳಾಡಿಸಿದಳು. ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ.

"ಇದನ್ನ ಯಾರ ಊರ್‍ಯಾರ? ಕೂಸು ಕಾಲ್ ಮ್ಯಾಲ ಮಾಡಿ ನಿಂತೈತಿ."

ಅವ್ವ ಮೊರದಲ್ಲಿದ್ದ ಅಕ್ಕಿಯನ್ನು ಅಲ್ಲೇ ಬಿಟ್ಟು ಬಂದಳು. ನಡೆದದ್ದನ್ನೆಲ್ಲ ಹೇಳಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಕಡ್ಡಿ ಒಣಗುತ್ತವೆ, ತನ್ನ ಕೈ ಕೆಟ್ಟದ್ದೆಂದು ಲೈನೆಲ್ಲ ಆಡಿಕೊಳ್ಳುತ್ತದೆ, ಇನ್ನು ಜನ್ಮದಲ್ಲಿ ಯಾರೂ ಈ ಹೊಸ್ತಿಲು ದಾಟುವುದಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡು ಸಮಾಧಾನ ಹೇಳಿದ: ಅಂದಾಜಿನಲ್ಲಿ ಅರ್ಧ ಸರಿಯಾಗಿಯೇ ಇರುತ್ತವೆ, ಸುಮ್ಮನಿದ್ದುಬಿಡೋಣ.

"ಲೂಸಿ, ನಿಮ್ಮಪ್ಪಗ ಹೇಳು," ಅಜ್ಜಿ ಕೋಲು ಕುಟ್ಟಿದಳು. "ಅರ್ಧ ಹೆರಿಗಿ ಅನ್ನೂದು ಇರೂದಿಲ್ಲ. ನಾಳೆ ಪಾಳಿ ಮುಗಿಸಿ ಬಂದು ಕುರ್ಪಿ ತಗೊಂಡು ನನ್ ಹಿಂದ ಬಾ ಅನ್ನು."

ಹಾಗೆ ಮಂಗಳವಾರ ಮಧ್ಯಾಹ್ನ ನಮ್ಮ ಮೆರವಣಿಗೆ ಹೊರಟಿತು. ಮುಂದೆ ನಾನು, ನನ್ನ ಭುಜ ಹಿಡಿದು ಅಜ್ಜಿ, ಆರು ಹೆಜ್ಜೆ ಹಿಂದೆ ಕುರ್ಪಿ ಮತ್ತು ನೀರಿನ ತಂಬಿಗೆ ಹಿಡಿದು, ತಲೆ ತಗ್ಗಿಸಿದ ಅಪ್ಪ. ಅವ್ವ ನಾಚಿಕೆಯಿಂದ ಮನೆಯಲ್ಲೇ ಉಳಿದು ಕಿಟಕಿಗೆ ಅಂಟಿಕೊಂಡಿದ್ದಳು. ಮೊದಲನೆಯದೇ ಗಂಗಕ್ಕನ ಮನೆ. ಗಂಗಕ್ಕ ತನ್ನ ಗುಲಾಬಿ ಕಡ್ಡಿಯನ್ನು ತುಳಸಿಕಟ್ಟೆಯ ಪಕ್ಕದಲ್ಲಿ ಊರಿ, ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿ, ಬುಡಕ್ಕೆ ಸಗಣಿ ಮೆತ್ತಿದ್ದಳು. ಅಜ್ಜಿ ಕೂತು ಬೆರಳಾಡಿಸಿದಳು.

"ಏ ತಂಗಿ, ಕಾಲಿಗೆ ಕುಂಕುಮ ಹಚ್ಚಿ ತಲೀಗೆ ಸಗಣಿ ಮೆತ್ತೀಯಲ್ಲ!"

ಅಜ್ಜಿಗೆ ಎಲ್ಲ ಹೆಂಗಸರೂ ತಂಗಿಯರೇ. ಹೆರಿಗೆ ಮಾಡಿಸುವವಳಿಗೆ ಬಹುವಚನ ಎಲ್ಲಿಂದ ಬರಬೇಕು. ಗಂಗಕ್ಕ ಸೆಟೆದು ನಿಂತಳು.

"ಮೊನ್ನೆ ನಿನ್ ಮಗಳ ಹೇಳ್ಯಾಳ, ಈ ಕಡೆನ ಮಣ್ಣಿಗೆ ಅಂತ. ಈಗ ನೋಡಿದ್ರ ಹಿಂಗಂತಿ. ಮತ್ತ ಇವತ್ತ ಮಂಗಳವಾರ, ಊರಿದ್ದನ್ನ ಕೀಳಬಾರದು."

"ನನ್ ಮಗಳು ತಪ್ಪು ಹೇಳ್ಯಾಳ. ಅದಕ್ಕ ನಾ ಬಂದೀನಿ. ಮತ್ತ ನಾ ಕೀಳಾಕತ್ತಿಲ್ಲ, ಹೊರಳಿಸಾಕತ್ತೀನಿ. ಹೊಟ್ಟ್ಯಾಗಿನ ಕೂಸು ಹೊರಳೂ ಮುಂದ ವಾರ ಕೇಳ್ತೈತೇನು?"

ಅಜ್ಜಿ ನನ್ನ ಕೈ ಹಿಡಿದು ಕಡ್ಡಿಯ ಮೇಲಿಟ್ಟಳು. ಕಡ್ಡಿಗೂ ಕಬ್ಬಿನ ಹಾಗೆ ಗೆಣ್ಣಿಗೊಂದು ಕಣ್ಣಿರುತ್ತದೆ, ಅದು ಯಾವಾಗಲೂ ಮೇಲಕ್ಕೆ ನೋಡುತ್ತದೆ. ಬುಡದಿಂದ ತುದಿಗೆ ಕೈಯಾಡಿಸಿದರೆ ಬೆರಳು ಜಾರುತ್ತದೆ, ತುದಿಯಿಂದ ಬುಡಕ್ಕೆ ಬಂದರೆ ಕಣ್ಣು ತಡೆಯುತ್ತದೆ. ನನ್ನ ಬೆರಳಿಗೆ ಮೊದಲ ಸಲ ಅದು ತಡೆದಾಗ ಆದ ಬೆರಗನ್ನು ಏನೆಂದು ಹೇಳಲಿ. ಮುಂದೆ ಟ್ರೇನಿಂಗಿನಲ್ಲಿ, ಬಸುರಿಯ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಹೇಳಿ ಎಂದು ಮೇಡಂ ಕೇಳಿದಾಗ ಉಳಿದವರು ಪುಸ್ತಕದ ಚಿತ್ರ ನೆನೆದರು. ನಾನು ಗಂಗಕ್ಕನ ಗುಲಾಬಿಯನ್ನು ನೆನೆದೆ.

ಅಪ್ಪ ಕುರ್ಪಿಯಿಂದ ಮಣ್ಣು ಸಡಿಲಿಸಿದ. ಅಜ್ಜಿ ಕಡ್ಡಿಯನ್ನು ಹೊರಳಿಸಿ ಊರಿದಳು. ಕುಂಕುಮದ ಕಾಲು ಮಣ್ಣಿಗೆ ಹೋಯಿತು, ಸಗಣಿಯ ತಲೆ ಮೇಲೆ ಬಂತು. ಗಂಗಕ್ಕ ಎಷ್ಟು ತಡೆದುಕೊಂಡರೂ ಆಗದೆ ಸೆರಗಿನೊಳಗೆ ಕಿಸಕ್ಕೆಂದು ನಕ್ಕಳು. ನಕ್ಕ ತಪ್ಪಿಗೋ ಏನೋ, ಚಹಾ ಮಾಡಲೇ ಎಂದು ಕೇಳಿದಳು.

"ಇವತ್ತ ಬ್ಯಾಡ ತಂಗಿ. ನಾತಾಳಕ್ಕ ನಮ್ಮನಿಗೆ ಬಾ. ಕೂಡೇ ಕುಂತು ಕುಡಿಯೂಣು."

"ಚಿಗೀಲಿ ಮೊದಲ. ಆಮ್ಯಾಲ ನೋಡೂಣು," ಅಂದಳು ಗಂಗಕ್ಕ.

ಉಳಿದ ಮನೆಗಳಲ್ಲೂ ಇದೇ ಕಥೆ, ಇದೇ ವಾದ. ಮೆಹಬೂಬಿಯ ಮನೆಯಲ್ಲಿ ಎಲ್ಲ ಕಡ್ಡಿಗಳೂ ಸರಿಯಾಗಿದ್ದವು; ಮುಟ್ಟಬೇಡಿ, ನಮ್ಮದು ನೆಟ್ಟಗಿದೆ ಎಂದು ಅವಳು ಓಣಿಗೆಲ್ಲ ಕೇಳುವ ಹಾಗೆ ಸಾರಿದಳು. ಕೊನೆಯ ಮನೆಗೆ ಬರುವಷ್ಟರಲ್ಲಿ ನನಗೆ ಸಾಕಾಗಿ, ಅಲ್ಲಿನ ಹುಡುಗಿಯರ ಜೊತೆ ಕುಂಟಾಬಿಲ್ಲೆಗೆ ಓಡಿದೆ. ತಿರುಗಿ ನೋಡಿದರೆ ಅಜ್ಜಿ ಮತ್ತು ಅಪ್ಪ ಒಂದು ದಾಸವಾಳದ ಕಡ್ಡಿಯ ಎರಡು ಬದಿಗೆ ಕೂತಿದ್ದರು. ನಡುವೆ ಮಾತು ಹೊರಲು ನಾನಿಲ್ಲ. ಅಪ್ಪ ತಾನೂ ಕಡ್ಡಿಯ ಮೇಲೆ ಮೇಲಿಂದ ಕೆಳಗೆ ಬೆರಳಾಡಿಸಿದ.

"ಅತ್ತಿ, ಇದರ ಕಣ್ಣು ನನಗೂ ಸಿಕ್ತು ನೋಡ್ರಿ," ಕೊನೆಗೆ ಅಪ್ಪ ಅಂದ.

"ಸಿಗದ ಏನ ಮಾಡ್ತೈತಿ," ಅಂದಳು ಅಜ್ಜಿ. "ಕೊಯ್ಯೂಕಿಂತ ಮದಲ ಹುಡಕಿದ್ದರ ಇನ್ನೂ ಚಲೋ ಇತ್ತು."

ಅವರ ನಡುವಿನ ಮೊದಲ ಸಂಭಾಷಣೆ ಅದು. ಬಹಳ ವರ್ಷ ಅದೇ ಕೊನೆಯದೂ ಆಗಿತ್ತು, ಮರುದಿನದಿಂದ ಮತ್ತೆ ನನ್ನ ಕೆಲಸ ಶುರುವಾಯಿತು.

ಆಮೇಲಿನ ವಾರಗಳಲ್ಲಿ ಅವ್ವ ನನ್ನನ್ನು ದಿನಾ ಯಾವುದಾದರೂ ಮನೆಗೆ ನೆಪ ಹಾಕಿ ಕಳಿಸುತ್ತಿದ್ದಳು. ಒಂದು ದಿನ ಸಾಸಿವೆ ಕೇಳಲು, ಒಂದು ದಿನ ಸೂಜಿ ಕೇಳಲು. ನಮ್ಮ ಮನೆಯಲ್ಲಿ ಸಾಸಿವೆ ಕಿಲೋಗಟ್ಟಲೆ ಕೂಡಿತು. ಚಳಿ ಬಿದ್ದು ಕಾಳಿ ಹೊಳೆಯ ಕಡೆಯಿಂದ ಬೆಳಗಿನ ಮಂಜು ಲೈನಿಗೆ ನುಗ್ಗುವ ಹೊತ್ತಿಗೆ ಕಡ್ಡಿಗಳು ಒಂದೊಂದಾಗಿ ಕಣ್ಣು ಬಿಟ್ಟವು. ಮೆಹಬೂಬಿಯದು ಮೊದಲು, ಆಮೇಲೆ ಮೂರು ಮನೆ, ಆಮೇಲೆ ಗಂಗಕ್ಕನ ಗುಲಾಬಿಯಲ್ಲಿ ಎರಡು ಕೆಂಪು ಚಿಗುರು. ಅವ್ವ ಆ ದಿನ ನನಗೆ ಹಾಲಿಗೆ ಬೆಲ್ಲ ಹಾಕಿ ಕೊಟ್ಟಳು. ನಾತಾಳಕ್ಕೆ ಮೂರು ದಿನ ಇರುವಾಗ ಗೌರಿ ಹಗ್ಗ ಬಿಚ್ಚಿಕೊಂಡು ಹೋಗಿ ತುಳಸಿಯನ್ನು ಬಿಟ್ಟು ಗುಲಾಬಿಯ ಕಡ್ಡಿಯನ್ನು ಬುಡಸಮೇತ ತಿಂದಳು. ನಮ್ಮ ಮನೆಯ ಎಲ್ಲದರ ಮೇಲೂ ಆ ಆಕಳಿಗೆ ಅಂಥ ಪ್ರೀತಿ. ಗಂಗಕ್ಕ ಯಾರಿಗೂ ಮುಖ ತೋರಿಸಲಿಲ್ಲ. ಅವಳ ಮನೆಯಲ್ಲಿ ಈಗ ಕಡ್ಡಿಯೂ ಇಲ್ಲ, ಬರಲು ನೆಪವೂ ಇಲ್ಲ ಎಂದು ಅವ್ವ ಮಂಕಾದಳು. ಆದರೂ ನೆವರಿ ಕರಿದಳು. ಯಾಲಕ್ಕಿ ಕುಟ್ಟುವ ಕೆಲಸ ನನಗೆ ಬಿತ್ತು.

ನಾತಾಳದ ಮಧ್ಯಾಹ್ನ ಅಂಗಳದಲ್ಲಿ ಗುಲಾಬಿ ಅರಳಿತ್ತು, ಅಪ್ಪನ ದಯೆಯಿಂದ ಎಲ್ಲವೂ ಒಂದೇ ಎತ್ತರದಲ್ಲಿ. ಮೆಹಬೂಬಿ ಮಕ್ಕಳ ಸೈನ್ಯದೊಡನೆ ಮೊದಲು ಬಂದಳು. ಹಿಂದೆಯೇ ನಾಲ್ಕಾರು ಮಂದಿ ಬಂದು ಚಾಪೆ ತುಂಬಿತು. ಅವ್ವ ಬಡಿಸುತ್ತ ಬಡಿಸುತ್ತ ಎದುರು ಮನೆಯ ಕಡೆಗೇ ನೋಡುತ್ತಿದ್ದಳು. ನಾಲ್ಕು ಗಂಟೆಗೆ ಗಂಗಕ್ಕ ನಮ್ಮ ಗೇಟಿನಲ್ಲಿ ಕಾಣಿಸಿಕೊಂಡಳು.

"ಮತ್ತೊಂದ್ ಕಡ್ಡಿ ಬೇಕಾಗಿತ್ತಲ್ಲವಾ," ಅಂದಳು, ನೆಲಕ್ಕೆ ಹೇಳುವಂತೆ.

"ಒಳಗ ಬರ್ರಿ ಗಂಗಕ್ಕಾರ. ಕಡ್ಡಿ ಎಲ್ಲಿ ಹೋಗ್ತಾವ."

ಗಂಗಕ್ಕ ಬಂದು, ಮುಂದಿನ ಸ್ಟಾಪಿನಲ್ಲಿ ಇಳಿಯುವವಳ ಹಾಗೆ ಚಾಪೆಯ ತುದಿಯಲ್ಲಿ ಕೂತಳು. ಅವ್ವ ತಾಟು ಇಟ್ಟಳು. ಗಂಗಕ್ಕನ ಕೈ ನೆವರಿಯ ಹತ್ತಿರ ಹೋಗಿ ಸುಮ್ಮನೆ ನಿಂತಿತು. ಆಗಲೇ ಹೊರಗೆ ಗೌರಿ ಅಂಬಾ ಎಂದು ಒದರಿದಳು. ನಮ್ಮ ಬೇಲಿಯ ಮೇಲೆ ಕುತ್ತಿಗೆ ಚಾಚಿ, ಒಳಗಿನ ತಾಟನ್ನೇ ನೋಡುತ್ತಿದ್ದಳು. ವರ್ಷಕ್ಕೊಮ್ಮೆ ತನಗೆ ಬರುವ ತಿಂಡಿ ಈ ಸಲ ಎಲ್ಲಿ ನಿಂತಿತು ಎಂದು ವಿಚಾರಿಸಲು ಬಂದಿದ್ದಳು. ನಾನು ತಲೆ ತಗ್ಗಿಸಿದೆ. ಗಂಗಕ್ಕನೂ ತಗ್ಗಿಸಿದಳು.

ಅವ್ವ ಬುಟ್ಟಿಯಿಂದ ಒಂದು ನೆವರಿ ತೆಗೆದುಕೊಂಡು ಎದ್ದಳು.

"ಒಂದ್ ನಿಮಿಷ ತಡೀರಿ ಗಂಗಕ್ಕಾರ, ಅಕಿಗೊಂದು ಕೊಟ್ಟು ಬರ್ತೇನಿ. ಎರಡು ವರ್ಷ ನಮ್ಮನಿ ನಾತಾಳ ಉಂಡಾಕಿ. ಇವತ್ತ ಮರತರ ಬ್ಯಾಸರ ಮಾಡ್ಕೋತಾಳ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನಾನು ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದ್ದ ಗುಟ್ಟು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅವಳು ಎರಡನೇ ವರ್ಷ ತಾಟು ಕಳಿಸಿದ್ದಳು, ಮೂರನೇ ವರ್ಷ ಕಡ್ಡಿ ಕೊಟ್ಟಿದ್ದಳು. ನನಗೆ ಅಳು ಬಂತು. ಮೂಲೆಯಲ್ಲಿ ಖಾಲಿ ತಾಟುಗಳನ್ನು ಒಟ್ಟುತ್ತಿದ್ದ ಅಪ್ಪ ಕೈ ನಿಲ್ಲಿಸಿದ. ಗಂಗಕ್ಕ ತಟಕ್ಕನೆ ಒಂದು ನೆವರಿ ಎತ್ತಿ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ಕಣ್ಣೊರೆಸಿಕೊಂಡಳು. ಇನ್ನೊಂದು ತೆಗೆದುಕೊಂಡಳು.

"ಯಾಲಕ್ಕಿ ಕಡಿಮಿ ಆಗ್ಯಾವು," ಅಂದಳು. "ಬರೂ ವರ್ಷ ನಾನೂ ಬರ್ತೇನಿ, ಕೂಡೇ ಮಾಡೂಣು."

ಅಡುಗೆಯಲ್ಲಿ ತಪ್ಪು ಹುಡುಕಿದವರನ್ನು ಅವ್ವ ಸುಮ್ಮನೆ ಬಿಟ್ಟವಳಲ್ಲ. ಅಪ್ಪ ಎರಡು ಸಲ ಉಪವಾಸ ಮಲಗಿದ್ದಾನೆ. ಅಂದು ಮಾತ್ರ ಬಾಗಿಲಲ್ಲಿ ನಿಂತು, ಗೌರಿಯ ಜೊಲ್ಲು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಮುಖ ತುಂಬ ನಕ್ಕಳು.

"ಹೌದ್ರಿ ಗಂಗಕ್ಕಾರ, ಕಡಿಮಿ ಆಗ್ಯಾವು."

ಯಾಲಕ್ಕಿ ಕುಟ್ಟಿ ಹಾಕಿದವಳು ನಾನು. ಅದು ಸರಿಯಾಗಿಯೇ ಇತ್ತು.